ಗಾಜಿನ ಬದಿಯ ಏಳು ಪಟ್ಟೆ

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವರಿಗೆ ಸ್ಪೆಕ್ಟ್ರೋಮೀಟರನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಕತ್ತಲೆ ಕೋಣೆ, ಹಳದಿ ಸೋಡಿಯಂ ದೀಪ, ನಡುವೆ ದುಂಡು ಮೇಜಿನ ಮೇಲೆ ಅಂಚು ಮುಕ್ಕಾದ ಪ್ರಿಸಂ. ಕೊಲಿಮೇಟರ್ ಬೆಳಕನ್ನು ಸಮಾಂತರ ಮಾಡಿ ಕಳಿಸುತ್ತದೆ, ಪ್ರಿಸಂನ ಎರಡು ಮುಖಗಳು ಅದನ್ನು ಎರಡು ದಿಕ್ಕಿಗೆ ಹಂಚುತ್ತವೆ. ಟೆಲಿಸ್ಕೋಪನ್ನು ಮೊದಲು ಆ ಕಡೆಗೆ, ಆಮೇಲೆ ಈ ಕಡೆಗೆ ತಿರುಗಿಸಿ, ಸ್ಲಿಟ್ಟಿನ ಬಿಂಬವನ್ನು ಅಡ್ಡಗೆರೆಯ ಮೇಲೆ ಕೂರಿಸಿ, ವರ್ನಿಯರ್ ಓದಿ ಬರೆದುಕೊಳ್ಳುವುದು. ಎರಡು ರೀಡಿಂಗುಗಳ ವ್ಯತ್ಯಾಸದಲ್ಲಿ ಅರ್ಧ ತೆಗೆದರೆ ಪ್ರಿಸಂನ ಕೋನ. ಅದು 60 ಡಿಗ್ರಿ ಎಂದು ಪ್ರಯೋಗ ಶುರುವಾಗುವ ಮುಂಚೆಯೇ ಎಲ್ಲರಿಗೂ ಗೊತ್ತು. ಬರದಿದ್ದರೆ ಬರಿಸುವ ವಿದ್ಯೆಯೂ ಸೀನಿಯರುಗಳಿಂದ ಜೂನಿಯರುಗಳಿಗೆ ಗುಟ್ಟಾಗಿ ಹರಿದು ಬರುತ್ತಲೇ ಇದೆ.

ಇಷ್ಟು ಸವೆದುಹೋದ ಪ್ರಯೋಗದಲ್ಲಿ ಹೊಸದೇನು ಸಿಕ್ಕೀತು? ಒಮ್ಮೆ ಸಿಕ್ಕಿತ್ತು. ಮದ್ರಾಸಿನಲ್ಲಿ, ಮರೀನಾ ಕಡಲಿಗೆ ಮುಖಮಾಡಿ ನಿಂತ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ನೋಡಿದವನು ಹದಿಹರೆಯದ ಒಬ್ಬ ವಿದ್ಯಾರ್ಥಿ. ನೋಡಿದ್ದರ ವಿವರ 1906ರ ನವೆಂಬರಿನಲ್ಲಿ ಲಂಡನ್ನಿನ 'ಫಿಲಸಾಫಿಕಲ್ ಮ್ಯಾಗಝೀನ್'ನಲ್ಲಿ ಅಚ್ಚಾಯಿತು. ಮ್ಯಾಕ್ಸ್‌ವೆಲ್ ತನ್ನ ವಿದ್ಯುತ್ಕಾಂತೀಯ ಬಲರೇಖೆಗಳ ಬರಹವನ್ನು 1861ರಲ್ಲಿ ಕೊಟ್ಟದ್ದು, ಥಾಮ್ಸನ್ ಎಲೆಕ್ಟ್ರಾನಿನ ಸುದ್ದಿಯನ್ನು 1897ರಲ್ಲಿ ವಿವರವಾಗಿ ಬರೆದದ್ದು ಇದೇ ಪತ್ರಿಕೆಗೆ. ಆ ಪುಟಗಳಲ್ಲಿ ಮದ್ರಾಸಿನ ಹುಡುಗನ ಬರಹದ ತಲೆಬರಹವನ್ನು ಕನ್ನಡದಲ್ಲಿ ಹೇಳುವುದಾದರೆ: ಆಯತಾಕಾರದ ಕಿಂಡಿಯಿಂದ ಉಂಟಾಗುವ ಅಸಮ ವಿವರ್ತನ ಪಟ್ಟೆಗಳು. ಬರೆದವರು ಸಿ.ವಿ. ರಾಮನ್.

ಕನ್ನಡಿಗರಿಗೆ ರಾಮನ್ ಬೆಂಗಳೂರಿನವರು. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬಂದವರು ಮತ್ತೆ ಹಿಂದಿರುಗಲಿಲ್ಲ. ಹೆಬ್ಬಾಳದ ದಾರಿಯಲ್ಲಿ ಅವರು ಕಟ್ಟಿದ ಸಂಸ್ಥೆ ಈಗಲೂ ಇದೆ, 1970ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಫೆಬ್ರವರಿ 28 ಬಂತೆಂದರೆ ಶಾಲೆಗಳಲ್ಲಿ ಅವರ ಪಟಕ್ಕೆ ಹಾರ. 1928ರ ಆ ರಾಮನ್ ಪರಿಣಾಮದ ಶೋಧ ಎಷ್ಟು ಎತ್ತರಕ್ಕೆ ಬೆಳೆದಿದೆಯೆಂದರೆ, ಅದಕ್ಕೂ 22 ವರ್ಷ ಹಿಂದಿನ ಈ ಪಟ್ಟೆಗಳಿಗೆ ಜೀವನಚರಿತ್ರೆಗಳಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಹುಡುಗ ಎಷ್ಟು ಚಿಕ್ಕವನು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಅವನು ಕಂಡದ್ದೇನು ಎಂಬಲ್ಲಿಗೆ ಬಂದಾಗ ಪೆನ್ನು ಜಾರುತ್ತದೆ. ನನಗೆ ಎರಡನೆಯದರಲ್ಲೇ ಹೆಚ್ಚು ರುಚಿ.

ವಯಸ್ಸಿನ ಲೆಕ್ಕ ಬೇಗ ಮುಗಿಸಿಬಿಡೋಣ. ಹುಟ್ಟಿದ್ದು 1888ರ ನವೆಂಬರ್ 7, ತಿರುಚಿನಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರದ ಉಪನ್ಯಾಸಕರು. ಮಗ ಹನ್ನೊಂದಕ್ಕೆ ಮೆಟ್ರಿಕ್ಯುಲೇಷನ್ ಮುಗಿಸಿ, ಹದಿನಾಲ್ಕಕ್ಕೆ ಪ್ರೆಸಿಡೆನ್ಸಿ ಕಾಲೇಜು ಸೇರಿದ. ಇಷ್ಟು ಸಣ್ಣವನು ಬಿ.ಎ. ತರಗತಿಯಲ್ಲಿ ಏನು ಮಾಡುತ್ತಿದ್ದಾನೆ ಎಂದು ಪಾಠಕ್ಕೆ ಬಂದ ಇಂಗ್ಲಿಷ್ ಮೇಷ್ಟ್ರೊಬ್ಬರು ವಿಚಾರಿಸಿದ ಕತೆ ಪ್ರಸಿದ್ಧ. 1904ರಲ್ಲಿ ಬಿ.ಎ. ಮೊದಲ ಸ್ಥಾನ, ಚಿನ್ನದ ಪದಕ. ಆಮೇಲೆ ಅಲ್ಲಿಯೇ ಎಂ.ಎ. ಭೌತಶಾಸ್ತ್ರದ ಪ್ರೊಫೆಸರ್ ಜೋನ್ಸ್ ಈ ಹುಡುಗನಿಗೆ ಕ್ಲಾಸಿಗೆ ಬರಲೇಬೇಕೆಂದು ಒತ್ತಾಯ ಮಾಡಲಿಲ್ಲ, ಪ್ರಯೋಗಾಲಯದ ಬಾಗಿಲನ್ನು ಮಾತ್ರ ತೆರೆದಿಟ್ಟರು. ಮೇಷ್ಟ್ರಾದವರು ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದು ಕಡಿಮೆ. ಈಗಿನ ಅಟೆಂಡೆನ್ಸ್ ಲೆಕ್ಕದಲ್ಲಿ ರಾಮನ್ನರಿಗೆ ಹಾಲ್ ಟಿಕೆಟ್ ಸಿಗುತ್ತಿತ್ತೋ ಇಲ್ಲವೋ.

ಆ ಪ್ರಯೋಗಾಲಯದಲ್ಲಿ ಇದ್ದದ್ದು ಮಾಮೂಲಿ ಸ್ಪೆಕ್ಟ್ರೋಮೀಟರ್. ಹುಡುಗ ಮಾಡುತ್ತಿದ್ದದ್ದು ಮಾಮೂಲಿ ಪ್ರಯೋಗ, ಪ್ರಿಸಂನ ಕೋನ ಅಳೆಯುವುದು. ಪ್ರಿಸಂನ ಮುಖ ಬೆಳಕಿನ ದಾರಿಗೆ ಹೆಚ್ಚುಕಡಿಮೆ ಸಮಾಂತರವಾಗಿ ತಿರುಗಿದಾಗ, ಅಂದರೆ ಬೆಳಕು ಗಾಜನ್ನು ಸವರಿಕೊಂಡು ಹೋಗುವಷ್ಟು ಓರೆಯಾದಾಗ, ಟೆಲಿಸ್ಕೋಪಿನಲ್ಲಿ ಸ್ಲಿಟ್ಟಿನ ಬಿಂಬ ಒಂದೇ ಗೆರೆಯಾಗಿ ಉಳಿಯಲಿಲ್ಲ. ಅದರ ಎರಡೂ ಪಕ್ಕಕ್ಕೆ ಕಪ್ಪು ಬಿಳುಪಿನ ಪಟ್ಟೆಗಳು ಎದ್ದವು. ಪಟ್ಟೆ ಬರುವುದರಲ್ಲಿ ಆಶ್ಚರ್ಯವಿಲ್ಲ, ಬೆಳಕು ಕಿರಿದಾದ ಕಿಂಡಿ ದಾಟಿದರೆ ಹರಡಿಕೊಂಡು ಪಟ್ಟೆಯಾಗುವುದನ್ನು ಫ್ರಾನ್‌ಹೋಫರ್ 1821ರ ಹೊತ್ತಿಗೇ ಅಳೆದು ತೋರಿಸಿದ್ದ. ವಿಚಿತ್ರವಿದ್ದದ್ದು ಬೇರೆ ಕಡೆ. ಪುಸ್ತಕದ ಪ್ರಕಾರ ನಡುಗೆರೆಯ ಎಡಬಲಕ್ಕೆ ಪಟ್ಟೆಗಳು ಕನ್ನಡಿಯ ಬಿಂಬದಂತೆ ಸರಿಸಮ ಇರಬೇಕು. ಇಲ್ಲಿ ಒಂದು ಬದಿಯವು ಅಗಲ, ಇನ್ನೊಂದು ಬದಿಯವು ಒತ್ತೊತ್ತು.

ರೆಕಾರ್ಡ್ ಪುಸ್ತಕದಲ್ಲಿ ಈ ಪಟ್ಟೆಗಳಿಗೆ ಜಾಗವಿಲ್ಲ. ಅಲ್ಲಿ ಬೇಕಾದದ್ದು ಒಂದು ಕೋನ ಮಾತ್ರ. ಪ್ರಿಸಂನ ಮೇಜನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದರೆ ಪಟ್ಟೆಗಳು ಮಾಯ, ಬಿಂಬ ಚೊಕ್ಕಟ, ರೀಡಿಂಗ್ ಸಲೀಸು. ರಾಮನ್ನರಿಗಿಂತ ಮುಂಚೆ ಎಷ್ಟು ಮಂದಿ ಹಾಗೆ ತಿರುಗಿಸಿ ಮುಂದೆ ಹೋಗಿದ್ದಾರೋ.

ನಾನು ವಾಸವಿರುವುದು ಇದೇ ಮದ್ರಾಸಿನ ಉತ್ತರದ ಅಂಚಿನಲ್ಲಿ, ಮಾಧವರಂನಲ್ಲಿ. ಹಾಲಿನ ಕಾಲೊನಿ, ಲಾರಿಗಳ ಯಾರ್ಡು, ಆಂಧ್ರದ ಕಡೆ ಹೋಗುವ ಬಸ್ಸುಗಳ ನಿಲ್ದಾಣ: ನಮ್ಮ ಬಡಾವಣೆಯ ಗುರುತುಗಳು ಇಂಥವು. ಪಕ್ಕದ ಮನೆಯವರು ಕೋಲಾರದ ಕಡೆಯವರು. ಅವರ ಮಗಳು ಬಿ.ಎಸ್ಸಿ. ಎರಡನೆಯ ವರ್ಷ. ಆಪ್ಟಿಕ್ಸ್ ಒಂದು ಪೇಪರು, ವಿದ್ಯುತ್ಕಾಂತೀಯತೆ ಇನ್ನೊಂದು ಪೇಪರು. ಕಷ್ಟ ಬಂದಾಗ ನೋಟ್ಸ್ ಹಿಡಿದು ಬರುತ್ತಾಳೆ. ಒಂದು ದಿನ ಏಕಸ್ಲಿಟ್ ವಿವರ್ತನೆಯ ನೋಟ್ಸ್ ತಂದಿದ್ದಳು. ಮೊದಲ ಸಾಲಿನಲ್ಲೇ, ಬೆಳಕು ಕಿಂಡಿಗೆ ನೇರವಾಗಿ ಬೀಳುತ್ತದೆ ಎಂಬ ಷರತ್ತು. ಆರನೆಯ ಸಾಲಿನಲ್ಲಿ, ಕೋನ ಸಣ್ಣದಾದ್ದರಿಂದ ಸೈನ್ ಬದಲು ಕೋನವನ್ನೇ ಹಾಕಿಕೊಳ್ಳಬಹುದು ಎಂಬ ರಿಯಾಯಿತಿ. ಎಡಬಲ ಸರಿಸಮ ಎಂಬ ಫಲಿತಾಂಶ ಈ ಎರಡು ಸಾಲುಗಳ ಕೃಪೆ. ರಾಮನ್ ಕಂಡದ್ದು ಈ ಎರಡು ಸಾಲು ಕಿತ್ತುಹಾಕಿದಾಗ ಉಳಿಯುವ ಲೋಕ.

"ಕಿತ್ತುಹಾಕಿ ನೋಡು," ಅಂದೆ.

"ಸಿಲಬಸ್‌ನಲ್ಲಿ ಇಲ್ಲ ಮಾಮ."

"ಇಲ್ಲದಿದ್ದರೆ ಬೇಡ. ಕ್ಯಾಲ್ಕುಲೇಟರ್ ತಂದಿದ್ದೀಯಲ್ಲ, ತೆಗಿ."

ಲೆಕ್ಕ ಹೀಗೆ. ಪ್ರಿಸಂನ ಮುಖ ಮೂರು ಸೆಂಟಿಮೀಟರ್ ಅಗಲ ಇದೆಯೆನ್ನಿ. ಆ ಮುಖವೇ ಇಲ್ಲಿ ಕಿಂಡಿಯ ಕೆಲಸ ಮಾಡುತ್ತದೆ: ಅದರ ಮೇಲೆ ಬಿದ್ದಷ್ಟೇ ಬೆಳಕು ಮುಂದೆ ಹೋಗುತ್ತದೆ. ಮೂರು ಸೆಂಟಿಮೀಟರ್ ಎಂದರೆ ಬೆಳಕಿನ ಅಳತೆಗೆ ಹೆಬ್ಬಾಗಿಲು, ಅಲ್ಲಿ ವಿವರ್ತನೆ ಕಣ್ಣಿಗೆ ಬೀಳಬಾರದು. ಆದರೆ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ ಊಟದ ತಟ್ಟೆ ಬರೀ ಗೆರೆಯಾಗಿ ಕಾಣುವ ಹಾಗೆ, ಓರೆಯಾಗಿ ಬರುವ ಬೆಳಕಿಗೆ ಈ ಅಗಲ ಕುಗ್ಗಿ ಕಾಣುತ್ತದೆ. ಮುಖಕ್ಕೆ ಲಂಬವಾಗಿ ಎಳೆದ ಗೆರೆಯಿಂದ 60 ಡಿಗ್ರಿ ಓರೆಯಾದಾಗ (ಕಾಲೇಜಿನಲ್ಲಿ ಪ್ರಿಸಂ ಇಡುವುದು ಹೆಚ್ಚುಕಡಿಮೆ ಹಾಗೆಯೇ) ಕುಗ್ಗಿದ ಅಗಲ 15 ಮಿಲಿಮೀಟರ್. ಸೋಡಿಯಂ ಬೆಳಕಿನ ತರಂಗದೂರ 589 ನ್ಯಾನೊಮೀಟರ್. ಇದನ್ನು ಆ ಅಗಲದಿಂದ ಭಾಗಿಸಿದರೆ ನಡುಗೆರೆಯಿಂದ ಮೊದಲ ಕಪ್ಪು ಪಟ್ಟೆಗೆ ಇರುವ ದೂರ ಎಂಟು ಸೆಕೆಂಡ್, ಅಂದರೆ ಡಿಗ್ರಿಯ 450ನೆಯ ಒಂದು ಪಾಲು. ನಮ್ಮ ವರ್ನಿಯರ್ ಓದುವುದು ಒಂದು ಮಿನಿಟನ್ನು, ಅಂದರೆ ಡಿಗ್ರಿಯ 60ನೆಯ ಒಂದು ಪಾಲನ್ನು. ಪಟ್ಟೆ ಅಲ್ಲಿಯೇ ಇದೆ, ನಮಗೆ ಸಿಗುವುದಿಲ್ಲ.

ಈಗ ಓರೆಯನ್ನು 89 ಡಿಗ್ರಿಗೆ ಏರಿಸಿ. ಮೂರು ಸೆಂಟಿಮೀಟರಿನ ಹೆಬ್ಬಾಗಿಲು ಅರ್ಧ ಮಿಲಿಮೀಟರಿನ ಸೀಳಾಯಿತು. ಮೊದಲ ಕಪ್ಪು ಪಟ್ಟೆ ನಡುಗೆರೆಯಿಂದ ಸುಮಾರು ನಾಲ್ಕು ಮಿನಿಟ್ ಆಚೆಗೆ. ಮಾಮೂಲಿ ಟೆಲಿಸ್ಕೋಪಿನಲ್ಲಿ ಧಾರಾಳವಾಗಿ ಕಾಣುವ ದೂರ.

ಇನ್ನು ಅಸಮತೆ. ಮುಖದ ಎರಡು ಅಂಚುಗಳಿಂದ ಹೊರಟ ಕಿರಣಗಳು ನಡೆದ ದಾರಿಯಲ್ಲಿ ಎಷ್ಟು ವ್ಯತ್ಯಾಸವಾಯಿತು ಎಂಬುದರ ಮೇಲೆ ಪಟ್ಟೆಯ ಜಾಗ ನಿಂತಿದೆ. ಆ ವ್ಯತ್ಯಾಸ ಬೇಕೆಂದರೆ ಬೆಳಕು ಬೀಳುವ ಕೋನದ ಸೈನ್, ಹೊರಡುವ ಕೋನದ ಸೈನ್, ಇವುಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ಮುಖದ ಅಗಲದಿಂದ ಗುಣಿಸಬೇಕು. ಅದು ಒಂದು, ಎರಡು, ಮೂರು ಹೀಗೆ ಪೂರ್ಣ ತರಂಗದೂರವಾದಲ್ಲೆಲ್ಲ ಒಂದು ಕಪ್ಪು ಪಟ್ಟೆ. ಹಾಗಾಗಿ ಸೈನ್‌ಗಳ ಲೆಕ್ಕದಲ್ಲಿ ಪಟ್ಟೆಗಳು ಎರಡೂ ಬದಿಗೆ ಸಮದೂರದಲ್ಲೇ ಇವೆ. ಟೆಲಿಸ್ಕೋಪ್ ಓದುವುದು ಸೈನ್ ಅನ್ನಲ್ಲ, ಕೋನವನ್ನು. 90 ಡಿಗ್ರಿ ಹತ್ತಿರವಾದಂತೆ ಸೈನ್ ಬಲು ನಿಧಾನವಾಗಿ ಏರುತ್ತದೆ, ಅದನ್ನು ಒಂದು ಚೂರು ಏರಿಸಬೇಕಾದರೆ ಕೋನವನ್ನು ತುಂಬಾ ಸರಿಸಬೇಕು. ಅಂದರೆ ಗಾಜಿನ ಕಡೆಗೆ ಹೋದಂತೆ ಪಟ್ಟೆಗಳು ಹಿಗ್ಗಬೇಕು, ಗಾಜಿನಿಂದ ದೂರ ಹೋದಂತೆ ಒತ್ತೊತ್ತಾಗಬೇಕು.

ಹುಡುಗಿ ಗುಂಡಿ ಒತ್ತುತ್ತಾ ಬರೆದುಕೊಂಡಳು. ಪ್ರತಿಫಲಿಸಿದ ನಡುಗೆರೆ ಗಾಜಿನ ಮೇಲ್ಮೈಯಿಂದ 60 ಮಿನಿಟ್ ಎತ್ತರದಲ್ಲಿ. ಗಾಜಿನ ಕಡೆಯ ಮೊದಲ ಕಪ್ಪು ಪಟ್ಟೆ 56ರಲ್ಲಿ, ಆರನೆಯದು 28.6ರಲ್ಲಿ, ಏಳನೆಯದು 18.7ರಲ್ಲಿ. ಆಚೆ ಬದಿಯಲ್ಲಿ ಮೊದಲನೆಯದು 63.8, ಆರನೆಯದು 79.9, ಏಳನೆಯದು 82.8. ಆರಕ್ಕೂ ಏಳಕ್ಕೂ ನಡುವಿನ ಅಂತರ ಗಾಜಿನ ಬದಿಗೆ ಹತ್ತು ಮಿನಿಟಿನ ಹತ್ತಿರ, ಆಚೆ ಬದಿಗೆ ಮೂರೂ ಇಲ್ಲ. ಒಂದಕ್ಕೆ ಮೂರರ ಮೇಲೆ! ಇದನ್ನು ಕಾಣಲು ಹದ್ದಿನ ಕಣ್ಣೇನೂ ಬೇಡ.

ಎಂಟನೆಯದನ್ನು ಒತ್ತಿದಾಗ ಕ್ಯಾಲ್ಕುಲೇಟರ್ ಮುಷ್ಕರ ಹೂಡಿತು.

"ಮ್ಯಾಥ್ ಎರರ್ ಬರ್ತಿದೆ ಮಾಮ."

ಬರಲೇಬೇಕು. ಎಂಟನೆಯ ಪಟ್ಟೆಗೆ ಬೇಕಾದ ಸೈನ್ ಒಂದನ್ನು ದಾಟುತ್ತದೆ, ಅಂಥ ಕೋನವೇ ಇಲ್ಲ. ಇದ್ದಿದ್ದರೆ ಆ ಪಟ್ಟೆ ಗಾಜಿನ ಒಳಕ್ಕೆ ಬೀಳಬೇಕಿತ್ತು. ಗಾಜಿನ ಬದಿಗೆ ಏಳೇ ಪಟ್ಟೆ, ಆಚೆ ಬದಿಗೆ ಅಂಥ ಗಡಿಯಿಲ್ಲ. ಪುಸ್ತಕದ ಸರಿಸಮ ಚಿತ್ರದಲ್ಲಿ ಹುಡುಕಿದರೂ ಸಿಗದ ಸಂಗತಿ ಇದು.

ಇದರಲ್ಲಿ ರಾಮನ್ ಹೊಸ ಸಿದ್ಧಾಂತವನ್ನೇನೂ ಕಟ್ಟಲಿಲ್ಲ ಎನ್ನುವುದನ್ನು ಒಪ್ಪಬೇಕು. ತರಂಗ ಸಿದ್ಧಾಂತ ಸಿದ್ಧವಿತ್ತು, ಸೂತ್ರ ಕೈಗೆಟುಕುವಂತಿತ್ತು. ಕಂಡ ಪಟ್ಟೆಗಳು ಆ ಸೂತ್ರಕ್ಕೆ ಒಗ್ಗುತ್ತವೆ ಎಂದು ಹೇಳುವ ಐದು ಪುಟದ ಸಣ್ಣ ಬರಹ ಅದು. ಇದನ್ನು ಹಿಡಿದು ಆ ಬರಹ ಅಂಥ ದೊಡ್ಡದಲ್ಲ ಎನ್ನುವವರು ಉಂಟು. ನನಗೆ ಹಾಗೆನಿಸುವುದಿಲ್ಲ. ಸರಿಸಮ ಎಂಬುದು ಸಿದ್ಧಾಂತದ ಮಾತಲ್ಲ, ಲೆಕ್ಕ ಹಗುರಾಗಲೆಂದು ನಾವು ಮಾಡಿಕೊಂಡ ಏರ್ಪಾಟು ಎಂದು ಪ್ರಯೋಗದ ಮೇಜಿನ ಎದುರು ನಿಂತು ಗುರುತಿಸುವುದು ಸಣ್ಣ ಮಾತಲ್ಲ. ಅದರಲ್ಲೂ ಪರೀಕ್ಷೆಗಾಗಿ ಓದುವ ವಯಸ್ಸಿನಲ್ಲಿ. ಆ ವಯಸ್ಸಿನವರಿಗೆ ಪುಸ್ತಕಕ್ಕೂ ಕಣ್ಣಿಗೂ ಜಗಳ ಬಂದರೆ ತಪ್ಪು ಕಣ್ಣಿನದೇ.

ಪುಸ್ತಕಗಳೊಂದಿಗೆ ರಾಮನ್ನರ ಸಂಬಂಧವೇ ಬೇರೆ ಬಗೆಯದು. ತಮ್ಮನ್ನು ರೂಪಿಸಿದ ಮೂರು ಪುಸ್ತಕಗಳನ್ನು ಅವರು ಮುಂದೆ ಹೆಸರಿಸಿದ್ದಾರೆ: ಬುದ್ಧನ ಬದುಕನ್ನು ಹೇಳುವ ಎಡ್ವಿನ್ ಆರ್ನಾಲ್ಡ್‌ನ ಕಾವ್ಯ, ಯೂಕ್ಲಿಡ್‌ನ ರೇಖಾಗಣಿತ, ಮತ್ತು ಹೆಲ್ಮ್‌ಹೋಲ್ಟ್ಸ್ ನಾದದ ಬಗ್ಗೆ ಬರೆದ ಗ್ರಂಥ. ಮೂರರಲ್ಲಿ ಒಂದೂ ಕಾಲೇಜಿನ ಆಪ್ಟಿಕ್ಸ್ ಪಠ್ಯವಲ್ಲ. ಹೆಲ್ಮ್‌ಹೋಲ್ಟ್ಸ್‌ನಂಥವರನ್ನು ಓದಿದ ಹುಡುಗನಿಗೆ ಸೂತ್ರವೊಂದು ಯಾವ ಷರತ್ತಿನ ಮೇಲೆ ನಿಂತಿದೆ ಎಂದು ಕೆದಕುವ ಚಾಳಿ ಬಂದಿದ್ದರೆ ಆಶ್ಚರ್ಯವಿಲ್ಲ.

ಬರೆದದ್ದನ್ನು ಮೊದಲು ಜೋನ್ಸರ ಕೈಗೆ ಕೊಟ್ಟರಂತೆ. ತಿಂಗಳುಗಳು ಉರುಳಿದರೂ ಆ ಕಡೆಯಿಂದ ಹ್ಞೂಂ ಇಲ್ಲ, ಹ್ಞಾಂ ಇಲ್ಲ ಎಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಕೊನೆಗೆ ಹುಡುಗ ನೇರವಾಗಿ ಲಂಡನ್ನಿಗೇ ಕಳಿಸಿದ. ಪತ್ರಿಕೆ ಅಚ್ಚುಮಾಡಿತು. ಇದರ ಬೆನ್ನಿಗೇ ದ್ರವಗಳ ಮೇಲ್ಮೈ ಸೆಳೆತದ ಬಗ್ಗೆ ಇನ್ನೊಂದು ಬರಹ ಅದೇ ಪತ್ರಿಕೆಯಲ್ಲಿ ಬಂತು. ಆ ಕಾಲದ ಬೆಳಕಿನ ವಿಜ್ಞಾನದ ಹಿರಿಯ ಲಾರ್ಡ್ ರ್‍ಯಾಲೆ ಮದ್ರಾಸಿಗೆ ಬರೆದ ಕಾಗದದಲ್ಲಿ 'ಪ್ರೊಫೆಸರ್ ರಾಮನ್' ಎಂದೇ ಸಂಬೋಧಿಸಿದ್ದರಂತೆ. ಪ್ರೊಫೆಸರರಿಗೆ ಆಗ ಎಂ.ಎ. ಪದವಿಯೂ ಬಂದಿತ್ತೋ ಇಲ್ಲವೋ.

ಪದವಿ ಬಂದದ್ದು 1907ರ ಜನವರಿಯಲ್ಲಿ. ಇಂಗ್ಲೆಂಡಿಗೆ ಹೋಗಿ ಓದಬಹುದಿತ್ತು. ಆದರೆ ಈ ಬಡಕಲು ಶರೀರಕ್ಕೆ ಅಲ್ಲಿನ ಹವೆ ಆಗಿಬರುವುದಿಲ್ಲವೆಂದು ಮದ್ರಾಸಿನ ಸಿವಿಲ್ ಸರ್ಜನ್ ತಡೆದರು. ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ಪಾಸಾಗಿ, ಮದುವೆಯಾಗಿ, ಕಲ್ಕತ್ತೆಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದರು. ಹಗಲು ಸರ್ಕಾರದ ಲೆಕ್ಕ, ಬೆಳಗ್ಗೆ ಸಂಜೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದಲ್ಲಿ ಪ್ರಯೋಗ. ಆ ಕತೆ ಎಲ್ಲರಿಗೂ ಗೊತ್ತಿರುವುದೇ.

ಅಷ್ಟಾಗಿ ಗೊತ್ತಿಲ್ಲದ್ದು, ಓರೆ ಬೆಳಕು ಅವರನ್ನು ಕಲ್ಕತ್ತೆಯಲ್ಲೂ ಬಿಡಲಿಲ್ಲ ಎಂಬುದು. ಪಟ್ಟೆಗಳ ಜಾಗವನ್ನು ಸೂತ್ರ ಸರಿಯಾಗಿ ಹೇಳುತ್ತದೆ. ಅವುಗಳ ಕಾಂತಿ? ಓರೆಯಾದಷ್ಟೂ ಬೆಳಕು ಯಾವ ಪ್ರಮಾಣದಲ್ಲಿ ಕುಗ್ಗಬೇಕು ಎಂಬುದಕ್ಕೆ ಹಳೆಯ ಸಿದ್ಧಾಂತದಲ್ಲಿ ಗಟ್ಟಿ ಉತ್ತರವಿರಲಿಲ್ಲ, ಒಬ್ಬೊಬ್ಬರು ಒಂದೊಂದು ಗುಣಾಂಕ ಹಾಕುತ್ತಿದ್ದರು. ಅದನ್ನು ಅಳೆದೇ ತೀರ್ಮಾನಿಸಬೇಕೆಂದು ರಾಮನ್ ಮುಂದಿನ ವರ್ಷಗಳಲ್ಲಿ ಅದೇ ಪತ್ರಿಕೆಗೆ ಮತ್ತೆ ಬರೆದರು. ಅವರ ಜೊತೆ ಕೆಲಸಕ್ಕೆ ಸೇರಿದ ಶಿಶಿರ್ ಕುಮಾರ್ ಮಿತ್ರ 1918ರಲ್ಲಿ ಓರೆ ವಿವರ್ತನೆಯಲ್ಲಿ ಎರಡು ಬದಿಯ ಕಾಂತಿ ಹೇಗೆ ಅಸಮವಾಗಿರುತ್ತದೆ ಎಂಬ ಪ್ರಬಂಧ ಪ್ರಕಟಿಸಿದರು. ಈ ಮಿತ್ರರೇ ಮುಂದೆ ವಾತಾವರಣದ ಮೇಲ್ಪದರಗಳ ಅಧ್ಯಯನದಲ್ಲಿ ಜಗತ್ತಿಗೆ ಹೆಸರಾದವರು. 1927ರಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಸೇರಿ ಲೋಹದ ತೆರೆಗಳ ಅಂಚಿನಲ್ಲಿ ಬೆಳಕಿನ ವಿವರ್ತನೆಯ ಬಗ್ಗೆ ಬರೆದರು, ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ. ಮರುವರ್ಷ ಅದೇ ಜೋಡಿ ಮಾಡಿದ್ದು ಆ ಫೆಬ್ರವರಿ 28ರ ಕೆಲಸ.

ಅಂಚು ಲೋಹದ್ದೋ ಗಾಜಿನದ್ದೋ ಎಂಬ ಪ್ರಶ್ನೆ ಬಂದ ಕೂಡಲೇ ಆಪ್ಟಿಕ್ಸ್ ಪೇಪರು ಮುಗಿದು ವಿದ್ಯುತ್ಕಾಂತೀಯತೆಯ ಪೇಪರು ಶುರುವಾಗುತ್ತದೆ. ಕಿಂಡಿ ಎಂದರೆ ಬರೀ ಖಾಲಿ ಜಾಗ ಎಂದುಕೊಂಡಿದ್ದ ಕಾಲಕ್ಕೆ ಅಂಚು ಯಾವುದರದ್ದು ಎಂಬುದು ಮುಖ್ಯವಿರಲಿಲ್ಲ. ಬೆಳಕು ವಿದ್ಯುತ್ಕಾಂತೀಯ ತರಂಗ ಎಂದಾದ ಮೇಲೆ, ಅಂಚಿನ ವಸ್ತುವಿನೊಳಗೆ ವಿದ್ಯುತ್ತು ಹೇಗೆ ಸ್ಪಂದಿಸುತ್ತದೆ ಎಂಬುದೂ ಲೆಕ್ಕಕ್ಕೆ ಬಂತು. ಜರ್ಮನಿಯ ಸೊಮ್ಮರ್‌ಫೆಲ್ಡ್ 1896ರಲ್ಲಿ, ಪೂರ್ಣ ವಾಹಕವಾದ ತೆರೆಯೊಂದರ ನೇರ ಅಂಚಿಗೆ ಈ ಲೆಕ್ಕವನ್ನು ಮೊದಲ ಸಲ ಕರಾರುವಾಕ್ಕಾಗಿ ಬಿಡಿಸಿದ್ದ. ಪಕ್ಕದ ಮನೆಯ ಹುಡುಗಿಗೆ ಇವು ಬೇರೆ ಬೇರೆ ಸೆಮಿಸ್ಟರಿನ ಬೇರೆ ಬೇರೆ ಪುಸ್ತಕ. ಪ್ರಿಸಂನ ಮುಖ 89 ಡಿಗ್ರಿಗೆ ತಿರುಗಿದಾಗ ಎರಡೂ ಒಂದೇ ಟೆಲಿಸ್ಕೋಪಿನಲ್ಲಿ ಕೂರುತ್ತವೆ.

ಹೇಗೆಂದರೆ, ಇಷ್ಟು ಓರೆಯಲ್ಲಿ ಪಟ್ಟೆ ಕಾಣಲು ಬೇಕಾದ ಬೆಳಕು ಎಲ್ಲಿಂದ ಬಂತು? ಗಾಜು ಕನ್ನಡಿಯಲ್ಲ, ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಫ್ರೆನೆಲ್‌ನ ಸೂತ್ರಗಳಲ್ಲಿ ಗಾಜಿನ ವಕ್ರೀಭವನಾಂಕ 1.5 ಎಂದು ಹಾಕಿ ನೋಡಿ. 60 ಡಿಗ್ರಿ ಓರೆಗೆ ನೂರಕ್ಕೆ ಒಂಬತ್ತು. 89ಕ್ಕೆ ನೂರಕ್ಕೆ ತೊಂಬತ್ತು. ಈ ಸೂತ್ರಗಳನ್ನು ಇಂದು ತರಗತಿಯಲ್ಲಿ ಸಾಧಿಸುವುದು ಮ್ಯಾಕ್ಸ್‌ವೆಲ್‌ನ ಸಮೀಕರಣಗಳಿಂದಲೇ, ಗಾಜಿನ ಗಡಿಯಲ್ಲಿ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳು ಒಂದಕ್ಕೊಂದು ಕೂಡಿಕೊಳ್ಳಬೇಕೆಂಬ ಷರತ್ತಿನಿಂದ. ಪಟ್ಟೆಗಳು ಹಿಗ್ಗುವ ಜಾಗದಲ್ಲೇ ಗಾಜು ಕನ್ನಡಿಯಾಗುತ್ತದೆ. ಮದ್ರಾಸಿನ ಹುಡುಗನಿಗೆ ಬೆಳ್ಳಿ ಲೇಪದ ಕನ್ನಡಿಯೂ ಬೇಕಾಗಲಿಲ್ಲ.

ಓರೆ ಹಿಡಿದರೆ ದೊಡ್ಡ ಕಿಂಡಿಯೂ ಸಣ್ಣದಾಗುತ್ತದೆ ಎಂಬ ಈ ಉಪಾಯ ಇನ್ನೊಂದು ಕಡೆ ದೊಡ್ಡ ಕೆಲಸ ಮಾಡಿತು. ಎಕ್ಸ್-ಕಿರಣದ ತರಂಗದೂರ ಬೆಳಕಿನದಕ್ಕಿಂತ ಸಾವಿರಾರು ಪಾಲು ಕಿರಿದು, ಅದಕ್ಕೆ ಸಾಟಿಯಾದಷ್ಟು ಒತ್ತಾಗಿ ಗೆರೆ ಕೊರೆದ ಗ್ರೇಟಿಂಗ್ ಮನುಷ್ಯರ ಕೈಯಲ್ಲಿ ಆಗುವ ಮಾತಲ್ಲ ಎಂದು ನಂಬಲಾಗಿತ್ತು. 1925ರಲ್ಲಿ ಅಮೆರಿಕದ ಕಾಂಪ್ಟನ್ ಮತ್ತು ಡೋನ್ ಎಕ್ಸ್-ಕಿರಣವನ್ನು ಗ್ರೇಟಿಂಗ್ ಮೇಲೆ ಸವರಿಕೊಂಡು ಹೋಗುವಂತೆ ಬಿಟ್ಟರು. ಆ ಓರೆಗೆ ಗೆರೆಗಳ ಅಂತರ ಕುಗ್ಗಿತು, ಗ್ರೇಟಿಂಗಿನ ಲೋಹ ಎಕ್ಸ್-ಕಿರಣವನ್ನು ಪೂರ್ತಿ ಪ್ರತಿಫಲಿಸಿತು, ತರಂಗದೂರವನ್ನು ನೇರವಾಗಿ ಅಳೆಯಲು ಬಂತು. ಅವರು ಬಳಸಿದ್ದೂ ಎರಡು ಸೈನ್‌ಗಳ ಅದೇ ವ್ಯತ್ಯಾಸ. ಅವರು ರಾಮನ್ನರ ಬರಹವನ್ನು ನೋಡಿ ಮಾಡಿದರು ಎಂದು ಹೇಳುತ್ತಿಲ್ಲ, ಸೂತ್ರಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ರಾಮನ್ನರ ಪಟ್ಟೆಗಳ ಪ್ರಯೋಗವನ್ನು ಯಾರಾದರೂ ಮಾಡಿ ನೋಡುವುದಾದರೆ ಮೂರು ಎಚ್ಚರಿಕೆ ಸಾಕು. ಸ್ಲಿಟ್ಟನ್ನು ಆದಷ್ಟು ಬಿಗಿ ಮಾಡಿ. ಕೊಲಿಮೇಟರಿನ ನಾಭಿದೂರ 18 ಸೆಂಟಿಮೀಟರ್ ಇದ್ದರೆ ನಾಲ್ಕು ಮಿನಿಟಿನ ಪಟ್ಟೆ ಸ್ಲಿಟ್ಟಿನ ಜಾಗದಲ್ಲಿ 0.2 ಮಿಲಿಮೀಟರಿಗೆ ಸಮ, ಸ್ಲಿಟ್ ಅದಕ್ಕಿಂತ ಅಗಲವಾದರೆ ಪಟ್ಟೆಗಳೆಲ್ಲ ಕಲಸಿಹೋಗುತ್ತವೆ. ಎರಡನೆಯದು, ಪ್ರಿಸಂ ಮೇಜನ್ನು ನಿಧಾನ ತಿರುಗಿಸುತ್ತಾ ಪ್ರತಿಫಲಿಸಿದ ಗೆರೆ ನೇರ ಬಂದ ಗೆರೆಗೆ ಎರಡು ಡಿಗ್ರಿ ಹತ್ತಿರ ಬರುವವರೆಗೆ ಹೋಗಿ, ಆಗ ಓರೆ 89. ನೇರ ಬರುವ ಬೆಳಕು ಕಣ್ಣು ಕುಕ್ಕುತ್ತದೆ, ಪ್ರಿಸಂ ಪಕ್ಕದಿಂದ ನುಸುಳುವ ಆ ಬೆಳಕಿಗೆ ಕಪ್ಪು ರಟ್ಟೊಂದನ್ನು ಅಡ್ಡ ಇಡಿ. ಪ್ರಿಸಂನ ಮುಖಕ್ಕೆ ಮಾತ್ರ ರಟ್ಟು ತಾಗಬಾರದು, ತಾಗಿದರೆ ಕಿಂಡಿಯ ಅಗಲವೇ ಬದಲಾಗುತ್ತದೆ. ಮೂರನೆಯದು, ಟೆಲಿಸ್ಕೋಪ್ ಬಿಂಬವನ್ನು ತಲೆಕೆಳಗು ಮಾಡುವುದರಿಂದ ಗಾಜಿನ ಬದಿ ಯಾವುದೆಂದು ಮೊದಲೇ ಗುರುತು ಹಾಕಿಕೊಂಡು ಎಣಿಸಲು ಶುರು ಮಾಡಿ. ನಿಮ್ಮ ಪ್ರಿಸಂ ಮೂರು ಸೆಂಟಿಮೀಟರಿನದಲ್ಲದಿದ್ದರೆ ಏಳೇ ಬರಬೇಕೆಂದಿಲ್ಲ, ಎರಡೂವರೆಯದಾದರೆ ಆರಕ್ಕೇ ನಿಲ್ಲುತ್ತದೆ.